ಮಧ್ಯಸ್ಥರಿಗೆ ಹಾಕಿದ ಊಟ

ಅದು ಶುರುವಾದದ್ದು ಎರಡು ಸಾವಿರದ ಮೂರನೇ ಇಸವಿಯ ಡಿಸೆಂಬರಿನಲ್ಲಿ. ಅವರೆಕಾಯಿ ಆಗತಾನೇ ಮಾರ್ಕೆಟ್ಟಿಗೆ ಬರತೊಡಗಿತ್ತು. ಬೆಳಗ್ಗೆ ಕಾವೇರಿ ನೀರು ಬಿಡುವ ಹೊತ್ತು. ಬಸವೇಶ್ವರನಗರದ ನಮ್ಮ ಮನೆ ಮುಂದೆ ನಾನು ನೀರಿನ ಸಂಪಿನೊಳಕ್ಕೆ ಪೈಪು ಹಿಡಿದು ನಿಂತಿದ್ದೆ. ಒಂದು ಟೆಂಪೋ ಹಿಂದೆ ಹಿಂದೆ ಬಂದು ಗೇಟಿಗೆ ಇನ್ನೇನು ತಾಗಬೇಕು ಅನ್ನುವಾಗ ನಿಂತಿತು. ಅದರೊಳಗೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಕಬ್ಬಿಣದ ಗಡ್ಡೆ. ಎಮ್ಮೆಕರು ಮಲಗಿದ ಹಾಗೆ ಕಾಣುತ್ತಿತ್ತು.

"ಪೈಪು ಪಕ್ಕಕ್ಕೆ ಹಾಕಕ್ಕ, ಆಳುಗಳ ಕಾಲಿಗೆ ಸಿಕ್ಕೊಳ್ಳುತ್ತೆ," ಎಂದ ನನ್ನ ತಮ್ಮ ನಾರಾಯಣಪ್ಪ.

"ಏನೋ ಇದು?"

"ಡೈ. ಕೋರ್ಟಲ್ಲಿರೋ ಡೈ."

"ಕೋರ್ಟಲ್ಲಿರೋದು ನಮ್ಮನೇಗ್ಯಾಕೆ ಬಂತು?"

ಅವನು ಆಗಲೇ ಟೆಂಪೋ ಕಡೆ ತಿರುಗಿದ್ದ. ಚೈನು ಎಳೆಯುವವರಿಗೆ "ನಿಧಾನ, ನಿಧಾನ" ಎಂದು ಕೂಗುತ್ತಿದ್ದ.

ನಾರಾಯಣಪ್ಪನಿಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಡಿಗೆ ಶೆಡ್ಡಿನ ವರ್ಕ್‌ಶಾಪು. ಪ್ಲಾಸ್ಟಿಕ್ಕನ್ನು ಕರಗಿಸಿ ಒಳಕ್ಕೆ ಒತ್ತಿದರೆ ಬೇಕಾದ ಆಕಾರ ಮೂಡುವ ಉಕ್ಕಿನ ಅಚ್ಚಿಗೆ ಆ ಕೆಲಸದವರು ಡೈ ಅನ್ನುತ್ತಾರೆ. ಶ್ಯಾಮಸುಂದರ ಎನ್ನುವವರ ಮಿಕ್ಸಿ ಫ್ಯಾಕ್ಟರಿಗೆ ಇವನು ಜಾರಿನ ಮುಚ್ಚಳದ ಡೈ ಮಾಡಿದ್ದ. ಮುಚ್ಚಳ ಸೋರುತ್ತೆ, ಡೈ ಸರಿಯಿಲ್ಲ ಎಂದರು ಅವರು. ಡೈ ಸರಿಯಾಗಿದೆ, ನಿಮ್ಮ ಜಾರಿನ ಬಾಯಿ ಸರಿಯಿಲ್ಲ ಎಂದ ಇವನು. ಸರಿಯಾಗಿದೆ ಅಂತ ಒಪ್ಪಿಕೊಂಡರೆ ಮಾತ್ರ ಡೈ ಕೊಡ್ತೀನಿ ಎಂದು ಶೆಡ್ಡಿನಲ್ಲೇ ಇಟ್ಟುಕೊಂಡ. ಅವರು ಕೋರ್ಟಿಗೆ ಹೋಗಿ, ತೀರ್ಮಾನವಾಗುವ ತನಕ ಡೈಯನ್ನು ಯಾರೂ ಬಳಸಬಾರದು, ಬಿಚ್ಚಬಾರದು, ಕದಲಿಸಬಾರದು ಎಂದು ಆರ್ಡರ್ ತಂದರು. ಅಷ್ಟರಲ್ಲಿ ಶೆಡ್ಡಿನ ಮಾಲೀಕರು ಅರ್ಧ ಶೆಡ್ಡು ವಾಪಸ್ ಕೇಳಿದರು. ಕೋರ್ಟಿನ ಒಪ್ಪಿಗೆ ತೆಗೆದುಕೊಂಡು ಅರಗಿನ ಮುದ್ರೆ ಸಮೇತ ಡೈ ನಮ್ಮ ಮನೆಗೆ ಬಂತು. ಇನ್ನು ಇಲ್ಲಿಂದ ಕದಲಿಸುವ ಹಾಗಿಲ್ಲ.

ಅದನ್ನು ಕೂರಿಸಿದ್ದು ಬೀದಿ ಕಡೆಯ ಸಣ್ಣ ಕೋಣೆಯಲ್ಲಿ, ರೋಲಿಂಗ್ ಶಟರ್ ಇರುವುದರಲ್ಲಿ. ಆ ಕೋಣೆಯನ್ನು ದೀಪಾವಳಿಗೆ ಸುಣ್ಣ ಹೊಡೆಸಿ ಇಟ್ಟುಕೊಂಡಿದ್ದವಳು ಸುವರ್ಣಾ, ನಾರಾಯಣಪ್ಪನ ಸೊಸೆ. ಬಾಗಲಕೋಟೆ ಕಡೆಯವಳು. ಅವರಪ್ಪ ಗಾರೆ ಕೆಲಸಕ್ಕೆಂದು ಬಂದು ಬಾಪೂಜಿ ನಗರದಲ್ಲಿ ಉಳಿದವರು. ನಾರಾಯಣಪ್ಪನ ಮಗ ಸಿದ್ಧಾರ್ಥ, ನಮ್ಮ ಸಿದ್ದು, ಚಂದ್ರಾ ಲೇಔಟಿನ ಕೊರಿಯರ್ ಆಫೀಸಿಗೆ ಸೇರಿದ ಮೇಲೆ ತಾನೇ ನೋಡಿ ಮೆಚ್ಚಿ ಮಾಡಿಕೊಂಡ. ಆ ಕೋಣೆಯಲ್ಲಿ ಜೋಳದ ರೊಟ್ಟಿ ಅಂಗಡಿ ಇಡಬೇಕು ಎಂದು ಅವಳ ಆಸೆ. ಅವಳ ಕಡೆಯ ಹುಡುಗರು ಊರು ಬಿಟ್ಟು ಬಂದು ರೊಟ್ಟಿಗಾಗಿ ಬಾಯಿ ಬಿಡುತ್ತಾರೆ, ಬೆಂಗಳೂರು ಸೀಮೆಯವರಿಗೆ ಅದನ್ನು ತಟ್ಟುವುದು ಬರುವುದಿಲ್ಲ ಅನ್ನುತ್ತಿದ್ದಳು.

"ಎಷ್ಟು ದಿನಾರಿ ಮಾವಾರ, ಇದು ಇಲ್ಲೆ?" ಎಂದು ಕೇಳಿದಳು.

"ಆರು ತಿಂಗಳಮ್ಮ. ಇದು ಮಾಮೂಲಿ ಕೇಸಲ್ಲ. ಆರ್ಬಿಟ್ರೇಷನ್."

"ಅಂದ್ರ?"

"ತೀರ್ಪು ಹೇಳೋರನ್ನ ನಾವೇ ಆರಿಸ್ಕೊಳ್ಳೋದು. ನಾವೂ ಒಪ್ಪಬೇಕು, ಅವರೂ ಒಪ್ಪಬೇಕು. ರಿಟೈರ್ಡ್ ಜಡ್ಜು, ಲಿಂಗಪ್ಪನೋರು ಅಂತ. ಕೋರ್ಟ್ ಥರ ಎಳೆಯಲ್ಲ, ಬೇಗ ಮುಗಿಯುತ್ತೆ."

"ಹೋದ ವರ್ಷಾನೂ ಆರು ತಿಂಗಳು ಅಂದಿದ್ರಿ," ಎಂದ ಸಿದ್ದು. "ಲಿಂಗಪ್ಪನೋರನ್ನ ಒಪ್ಪೋಕೇ ಇಬ್ರಿಗೂ ಒಂದು ವರ್ಷ ಬೇಕಾಯ್ತು."

ನನಗೆ ಮಾತ್ರ ಆಶ್ಚರ್ಯ. ಕುಣಿಗಲ್ ಕಡೆ ನಮ್ಮೂರಿನಲ್ಲಿ ನಮ್ಮಪ್ಪನ ಕಾಲಕ್ಕೆ ಇದನ್ನೇ ಮಾಡುತ್ತಿದ್ದರು. ಬದುವಿನ ಜಗಳವೋ ಬಾವಿಯ ಜಗಳವೋ, ಇಬ್ಬರೂ ಒಪ್ಪುವ ಪಂಚರನ್ನು ಕರೆಸುತ್ತಿದ್ದರು. ಅದಕ್ಕೆ ದೆಹಲಿಯಲ್ಲಿ ಕಾನೂನು ಮಾಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಲಾಯರ್ ವೆಂಕಟೇಶ್ ಬಂದಾಗಲೆಲ್ಲ ಕಾಫಿ ಕೊಡುವ ನೆವದಲ್ಲಿ ಹೋಗಿ ಬಾಗಿಲ ಹತ್ತಿರ ಕೂರುತ್ತಿದ್ದೆ.

ಡೈ ಮನೆಯಲ್ಲಿ ತನ್ನ ಜಾಗ ಮಾಡಿಕೊಂಡಿತು. ಅದರ ಮೂಲೆ ಯಾರ ಕಾಲಬೆರಳನ್ನೂ ಬಿಡಲಿಲ್ಲ. ಗೋಣಿಯ ಮೇಲೆ ಒಗೆದ ಬಟ್ಟೆ ಬಂದು ಕೂತಿತು, ಆಮೇಲೆ ಈರುಳ್ಳಿ ಮೊರ. ಆ ಡೈಯಿಂದ ಮೊದಲು ತೆಗೆದ ಸ್ಯಾಂಪಲ್ ಮುಚ್ಚಳಗಳು ಒಂದು ಮೂಟೆ ಮನೆಯಲ್ಲಿದ್ದವು. ತಮ್ಮನ ಹೆಂಡತಿ ವೆಂಕಟಲಕ್ಷ್ಮಮ್ಮ ಅವನ್ನು ಉಪ್ಪಿನಕಾಯಿ ಜಾಡಿಗೆ, ಹಾಲಿನ ಪಾತ್ರೆಗೆ, ಹಲ್ಲಿ ಬೀಳಬಾರದೆಂದು ದೋಸೆ ಹಿಟ್ಟಿಗೆ, ಎಲ್ಲದಕ್ಕೂ ಮುಚ್ಚುತ್ತಿದ್ದಳು. ಸುವರ್ಣಾ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೀಮೆಎಣ್ಣೆ ಒಲೆ ಇಟ್ಟುಕೊಂಡು ರೊಟ್ಟಿ ಬೇಯಿಸತೊಡಗಿದಳು. ಸಿದ್ದು ಅವನ್ನು ಕೊರಿಯರ್ ಚೀಲದಲ್ಲೇ ಹಾಕಿಕೊಂಡು ಹೋಗಿ ಅತ್ತಿಗುಪ್ಪೆಯ ಹಾಸ್ಟೆಲ್ ಹುಡುಗರಿಗೆ ಕೊಟ್ಟು ಬರುತ್ತಿದ್ದ. ಒಲೆಯ ಹೊಗೆಗೆ ಅವಳ ಕಣ್ಣು ಯಾವಾಗಲೂ ಕೆಂಪು.

ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ಸಿದ್ದು ಪೇಪರ್ ಹಿಡಿದುಕೊಂಡೇ ಊಟಕ್ಕೆ ಕೂತ.

"ಅಪ್ಪ, ನಿಮ್ಮ ಆರ್ಬಿಟ್ರೇಷನ್ ಕಾನೂನು ತಿದ್ದುತಾರಂತೆ. ದೆಹಲೀಲಿ ಮಸೂದೆ ಇಟ್ಟಿದಾರೆ. ಒಂದು ವರ್ಷದೊಳಗೆ ತೀರ್ಪು ಕೊಡಬೇಕು ಅಂತ ಬರುತ್ತಂತೆ."

"ನೋಡ್ದಾ! ನಾನು ಹೇಳ್ಲಿಲ್ವಾ?" ನಾರಾಯಣಪ್ಪನ ಮುಖ ಅರಳಿತು.

"ಈಗಿರೋದು ಬೇಗ ಮುಗೀತಿದ್ರೆ ಅದನ್ಯಾಕಪ್ಪ ತಿದ್ದುತಿದ್ರು?"

"ನಿಂದೊಂದು ಕೊಂಕು."

"ಒಂದು ವರ್ಷದಲ್ಲಿ ಕೊಡದೇ ಇದ್ರೆ ಏನ್ ಮಾಡ್ತಾರಂತೆ?" ಎಂದು ನಾನು ಕೇಳಿದೆ.

ಸಿದ್ದು ಪೇಪರಿನಲ್ಲಿ ಬೆರಳಿಟ್ಟು ಹುಡುಕಿದ. "ಇನ್ನಷ್ಟು ಟೈಮ್ ಕೊಡಿ ಅಂತ ಕೋರ್ಟಿಗೆ ಹೋಗ್ಬೇಕಂತೆ ಅತ್ತೆ."

ಅಡುಗೆಮನೆಯಲ್ಲಿ ಸುವರ್ಣಾ ಕಿಸಕ್ಕನೆ ನಕ್ಕಳು. ನಾರಾಯಣಪ್ಪ ಮುದ್ದೆ ಮುರಿದು ಅದ್ದಿ ನುಂಗಿದ. ಆ ಮಸೂದೆಯನ್ನು ಕೆಲವು ವರ್ಷ ಬಿಟ್ಟು ವಾಪಸ್ ತೆಗೆದುಕೊಂಡರು ಎಂದು ಆಮೇಲೆ ಸಿದ್ದುವೇ ಹೇಳಿದ. ಆದರೆ ಆ ಚಳಿಗಾಲವೆಲ್ಲ ನನ್ನ ತಮ್ಮ ಅದನ್ನು ನೆಚ್ಚಿಕೊಂಡಿದ್ದ.

ಜನವರಿ ಕೊನೆಯ ಶನಿವಾರ ಮಧ್ಯಸ್ಥರಾದ ಲಿಂಗಪ್ಪನವರು ಡೈ ನೋಡುವುದಕ್ಕೆ ಮನೆಗೇ ಬರುತ್ತಾರೆ ಎಂದು ಗೊತ್ತಾಯಿತು. ಎರಡೂ ಕಡೆಯವರು ಇರುತ್ತಾರೆ. ಶುಕ್ರವಾರ ಸಂಜೆ ನಾವು ಹೆಂಗಸರು ನೆನೆಸಿದ ಅವರೆಕಾಳಿನ ಸುತ್ತ ಕೂತು ಸಿಪ್ಪೆ ಹಿತಕುತ್ತಿದ್ದೆವು.

"ಇಷ್ಟೊಂದು ಯಾರಿಗಮ್ಮ?" ಎಂದ ಸಿದ್ದು.

"ನಾಳೆ ಬರೋರಿಗೆ. ಹಿತಕಿದ ಬೇಳೆ ಸಾರು, ಮುದ್ದೆ, ಒಬ್ಬಟ್ಟು," ಎಂದಳು ವೆಂಕಟಲಕ್ಷ್ಮಮ್ಮ.

"ಅಮ್ಮ, ಅವರು ನೆಂಟರಲ್ಲ! ಜಡ್ಜು."

"ಜಡ್ಜ್‌ಗೆ ಹೊಟ್ಟೆ ಇಲ್ವಾ?"

"ನಮ್ಮ ಕಡೆ ನ್ಯಾಯಕ್ಕ ಕುಂತವ್ರಿಗೆ ಚಾ ಕೊಡಾಕೂ ಹಿಂದ ಮುಂದ ನೋಡ್ತಾರ್ರಿ ಅತ್ತಿ," ಎಂದಳು ಸುವರ್ಣಾ. "ಯಾರ ಮನ್ಯಾಗ ಕುಡದ್ರು ಅಂತ ಮಂದಿ ಎಣಸ್ತಾರ."

ನಾರಾಯಣಪ್ಪ ಒಳಗಿನಿಂದಲೇ ಕೂಗಿದ. "ನಮ್ಮಪ್ಪನ ಕಾಲದಲ್ಲಿ ಪಂಚರು ಉಂಡ ಮೇಲೇನೇ ಬಾಯಿ ಬಿಡ್ತಿದ್ದದ್ದು. ಅಲ್ವೇನಕ್ಕ?"

"ಉಣ್ತಿದ್ರು," ಎಂದೆ. "ಜಗಳ ಆಡಿದ ಎರಡು ಮನೆಯೋರೂ ಅದೇ ಸಾಲಿನಲ್ಲಿ ಕೂತು ಉಣ್ತಿದ್ರು."

"ಅವರನ್ನೂ ಕರೆಯೋಣ. ಅದಕ್ಕೇನು, ಜಾಸ್ತಿ ಮಾಡಿ."

ಲಿಂಗಪ್ಪನವರು ಸಣಕಲು ಆಸಾಮಿ, ಕತ್ತಿಗೆ ಮಫ್ಲರ್. ಬಾಗಿಲಲ್ಲಿ ಶೂ ಬಿಚ್ಚಿ ನನಗೂ ಕೈಮುಗಿದು ಒಳಗೆ ಬಂದರು. ಶ್ಯಾಮಸುಂದರ ಅವರು ತಮ್ಮ ಲಾಯರಮ್ಮನ ಜೊತೆ ಬಂದರು. ನಾನು ಅವರನ್ನು ದೊಡ್ಡ ರಾಕ್ಷಸ ಅಂದುಕೊಂಡಿದ್ದೆ. ನೋಡಿದರೆ ನಮ್ಮ ನಾರಾಯಣಪ್ಪನ ವಯಸ್ಸಿನ ಮನುಷ್ಯ, ಷರ್ಟಿನ ಜೇಬಿಗೆ ಇಂಕು ಮೆತ್ತಿಕೊಂಡಿತ್ತು. ಲಿಂಗಪ್ಪನವರು ಗೋಣಿ ಸರಿಸಿ ಮುದ್ರೆ ನೋಡಿದರು, ಉದ್ದಗಲ ಬರೆದುಕೊಂಡರು, ಯಾವ ದಿನ ತಂದದ್ದು, ಯಾರು ಇಳಿಸಿದ್ದು ಎಂದೆಲ್ಲ ಕೇಳಿದರು. ಮುಗಿಯುವ ಹೊತ್ತಿಗೆ ಒಳಗಿನಿಂದ ಸಾರಿನ ಘಮ ಬೀದಿಯವರೆಗೆ ಹೋಗುತ್ತಿತ್ತು. ನಮ್ಮ ವೆಂಕಟೇಶ್ ಇನ್ನೊಂದು ಕೇಸಿದೆ ಎಂದು ಸ್ಕೂಟರ್ ಹತ್ತಿ ಆಗಲೇ ಹೋಗಿದ್ದರು.

"ಎಲ್ರೂ ಒಂದು ತುತ್ತು ಊಟ ಮಾಡ್ಕೊಂಡು ಹೋಗ್ಬೇಕು," ಎಂದು ನಾರಾಯಣಪ್ಪ ಕೈ ಜೋಡಿಸಿದ.

ಶ್ಯಾಮಸುಂದರ ತಮ್ಮ ಲಾಯರಮ್ಮನ ಮುಖ ನೋಡಿದರು. ಆಕೆ ಬೇಡವೆಂದು ತಲೆ ಅಲ್ಲಾಡಿಸಿದರು. "ಇಲ್ಲ, ನಮಗೆ ಫ್ಯಾಕ್ಟರೀಲಿ ಕೆಲಸ ಇದೆ," ಎಂದು ಇಬ್ಬರೂ ಹೊರಗೆ ಹೋದರು.

ಲಿಂಗಪ್ಪನವರು ಹೊರಟರು. ಆದರೆ ಅವರ ಡ್ರೈವರ್ ಊಟಕ್ಕೆಂದು ಮೇನ್ ರೋಡಿನ ದರ್ಶಿನಿಗೆ ಹೋದವನು ಇನ್ನೂ ಬಂದಿರಲಿಲ್ಲ. ಅವರು ಜೇಬಿನಿಂದ ಮಾತ್ರೆ ತೆಗೆದು ನೀರು ಕೇಳಿದರು.

"ಶುಗರ್ ಮಾತ್ರೇನಾ ಸ್ವಾಮಿ?" ಎಂದಳು ವೆಂಕಟಲಕ್ಷ್ಮಮ್ಮ. "ಬರೀ ಹೊಟ್ಟೇಲಿ ನುಂಗ್ತೀರಾ? ತಲೆ ತಿರುಗುತ್ತೆ. ಕೂತ್ಕೊಳ್ಳಿ."

ಮುದುಕರು ಗೇಟಿನ ಕಡೆ ನೋಡಿದರು, ಗಡಿಯಾರ ನೋಡಿದರು, ಕೂತರು. ಉಂಡದ್ದು ಅರ್ಧ ಮುದ್ದೆ. ಆದರೆ ಸಾರನ್ನು ಎರಡು ಸಲ ಹಾಕಿಸಿಕೊಂಡರು. "ನಮ್ಮನೇಲಿ ಈಗ ಹಿತಕೋರು ಯಾರೂ ಇಲ್ಲ," ಎಂದರು. ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. ವೆಂಕಟಲಕ್ಷ್ಮಮ್ಮನಿಗೆ ಹುರುಪು ಬಂದುಬಿಟ್ಟಿತು. ಮಿಕ್ಸಿಯನ್ನು ನಡುಮನೆಗೇ ಹೊತ್ತು ತಂದು, ಜಾರಿನ ತುಂಬ ಮೊಸರು ನೀರು ಹಾಕಿ, ಡೈಯಿಂದ ಬಂದ ಮುಚ್ಚಳ ಒತ್ತಿ, ಸ್ವಿಚ್ಚು ತಿರುಗಿಸಿದಳು. ಮನೆಯೆಲ್ಲ ಗುರ್ ಎಂದಿತು.

"ನೋಡಿ ಸ್ವಾಮಿ, ಒಂದು ಹನಿ ಆಚೆ ಬಂತಾ?"

ಲಿಂಗಪ್ಪನವರು ಬಗ್ಗಿ ನೋಡಿದರು. ಎಡಗೈ ಬೆರಳನ್ನು ಜಾರಿನ ಅಂಚಿನ ಸುತ್ತ ಆಡಿಸಿ ಬೆರಳು ನೋಡಿಕೊಂಡರು. ಒಣಗಿತ್ತು. "ಪರವಾಗಿಲ್ವೇ," ಎಂದರು. ಆಮೇಲೆ ಅವರ ಮುಖ ಬದಲಾಯಿತು.

"ಇದು ಆ ಡೈ ಮುಚ್ಚಳಾನಾ ತಾಯಿ?"

"ಅದೇ ಮತ್ತೆ!"

"ಇದನ್ನ ನೀವು ನನಗೊಬ್ಬನಿಗೇ ತೋರಿಸಬಾರದಿತ್ತು. ಅವರ ಎದುರಿಗೆ ತೋರಿಸಬೇಕಿತ್ತು."

"ಕರೆದ್ವಲ್ಲಾ! ಅವರೇ ಬರಲಿಲ್ಲ."

ಕಿಟಕಿಯಾಚೆ ಶ್ಯಾಮಸುಂದರ ಅವರ ಕಾರು ಇನ್ನೂ ನಿಂತೇ ಇತ್ತು. ಲಾಯರಮ್ಮ ಕಿವಿಗೆ ಫೋನಿಟ್ಟುಕೊಂಡು ನೇರ ನಮ್ಮ ನಡುಮನೆಯ ಕಡೆಗೇ ನೋಡುತ್ತಿದ್ದರು. ಲಿಂಗಪ್ಪನವರು ಮಜ್ಜಿಗೆ ಮುಟ್ಟದೆ ಎದ್ದು ಕೈ ತೊಳೆದರು.

ಒಂದು ವಾರದಲ್ಲಿ ವೆಂಕಟೇಶ್ ಧುಮುಗುಟ್ಟಿಕೊಂಡು ಬಂದರು.

"ಜಡ್ಜ್‌ಗೆ ಮಜ್ಜಿಗೆ ಮಾಡಿ ತೋರಿಸಿದ್ದು ಯಾರ್ರೀ?"

ವೆಂಕಟಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಗೆ ಸರಿದಳು.

"ಒಂದು ಪಾರ್ಟಿ ಮನೇಲಿ ಉಂಡಿದಾರೆ, ನಮಗೆ ನಂಬಿಕೆ ಇಲ್ಲ ಅಂತ ಆ ಕಡೆಯೋರು ಬರೆದ್ರು. ಲಿಂಗಪ್ಪನೋರು ವಾದಾನೂ ಮಾಡಲಿಲ್ಲ. ಹೌದು, ಉಂಡೆ, ನೋಡಿದೆ, ಇನ್ನು ನಾನು ಕೂರಲ್ಲ ಅಂತ ಬಿಟ್ಟುಬಿಟ್ರು."

"ಮತ್ತೆ ಈಗ?" ಎಂದ ನಾರಾಯಣಪ್ಪ.

"ಇನ್ನೊಬ್ಬರನ್ನ ಹುಡುಕಬೇಕು. ನಾವು ಹೇಳಿದೋರನ್ನ ಆ ಕಡೆಯೋರು ಒಪ್ಪಲ್ಲ. ಹೈಕೋರ್ಟಿಗೆ ಹೋಗಿ ನೇಮಿಸಿ ಅಂತ ಕೇಳಬೇಕು. ಆಮೇಲೆ ಬಹಳಷ್ಟು ಮತ್ತೆ ಮೊದಲಿಂದ."

"ಹೊಸ ಕಾನೂನು?"

"ಅದು ಬಂದಾಗ ನೋಡೋಣ ಸಾರ್."

ನಾರಾಯಣಪ್ಪ ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅವಳು ಮಿಕ್ಸಿಯನ್ನು ಅಟ್ಟದ ಮೇಲೆ ಹಾಕಿ, ಚಟ್ನಿಗೂ ಒರಳುಕಲ್ಲು ಹಿಡಿದಳು. ಮಜ್ಜಿಗೆ ಮಾಡುವುದನ್ನೇ ಬಿಟ್ಟಳು.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಸುವರ್ಣಾ ಬಡಿಸುತ್ತಾ ಹೇಳಿದಳು, "ಮಾವಾರ, ಅತ್ತಿಗುಪ್ಪಿಯೊಳಗ ಒಂದು ಮಳಗಿ ನೋಡೇವ್ರಿ. ಹಿಂದ ಒಂದು ಖೋಲಿನೂ ಐತಿ."

"ಖೋಲಿ ಯಾಕೆ?"

"ಅಲ್ಲೇ ಇರ್ತೀವಿ ಅಪ್ಪ," ಎಂದ ಸಿದ್ದು.

"ಸ್ವಂತ ಮನೆ ಇಟ್ಕೊಂಡು ಬಾಡಿಗೆಗಾ? ಜನ ಏನಂತಾರೆ?"

"ಜನ ಈಗ್ಲೇ ಅಂತಿದಾರೆ. ನಾರಾಯಣಪ್ಪನ ಮನೇಲಿ ಕಬ್ಬಿಣಕ್ಕೆ ಕೋಣೆ ಇದೆ, ಸೊಸೆಗೆ ಹಿತ್ತಲು ಅಂತ."

"ಆ ಡೈ ಸರಿಯಿಲ್ಲ ಅಂತ ಒಪ್ಕೊಂಡು ಎತ್ತಿ ಬಿಸಾಕ್ಲಾ? ನಾಳೆ ನನ್ನ ಕೈಲಿ ಯಾರು ಕೆಲಸ ಮಾಡಿಸ್ತಾರೋ? ಈ ಏರಿಯಾದಲ್ಲಿ ನಾರಾಯಣಪ್ಪನ ಡೈ ಅಂದ್ರೆ ಕಣ್ಮುಚ್ಕೊಂಡು ತಗೊಳ್ತಿದ್ರು. ಈಗ ಕೇಳ್ತಾರೆ, ಆ ಮುಚ್ಚಳದ ಕಥೆ ಏನಾಯ್ತು ಅಂತ."

"ನಿಮ್ಮ ಹೆಸರು ದೊಡ್ಡದ್ರಿ ಮಾವಾರ. ನಾ ಇಲ್ಲ ಅನ್ನಂಗಿಲ್ಲ," ಎಂದಳು ಸುವರ್ಣಾ. "ಆದ್ರ ಅದು ತೀರೂತನಕ ನನಗ ಹಿತ್ತಲದಾಗ ಕುಂದ್ರಾಕ ಆಗೂದಿಲ್ರಿ."

ನಾರಾಯಣಪ್ಪ ಉಣ್ಣದೆ ಎದ್ದ.

ಹುಣಸೆಹಣ್ಣು ಬಿಡಿಸುವ ಕಾಲ ಬಂತು. ಒಂದು ದಿನ ಮಧ್ಯಾಹ್ನ ನಾನು ಗೇಟಿನ ನೆರಳಿನಲ್ಲಿ ಬೀಜ ತೆಗೆಯುತ್ತಿದ್ದೆ. ಕಾರು ನಿಂತಿತು. ಇಳಿದವರು ಶ್ಯಾಮಸುಂದರ, ಒಬ್ಬರೇ. ಕಂಕುಳಲ್ಲಿ ಏನೋ ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು.

"ಅಮ್ಮ, ಆವತ್ತು ಆಚೆ ನಿಂತಿದ್ದೆ. ಮಿಕ್ಸಿ ಓಡಿದ್ದು ಕೇಳಿಸ್ತು," ಎಂದರು. "ನಿಜವಾಗ್ಲೂ ಸೋರಲಿಲ್ವಾ?"

"ಇಲ್ಲಪ್ಪ."

"ಅವತ್ತಿಂದ ತಲೇಲಿ ಅದೇ ಕೊರೀತಿದೆ. ಒಂದ್ಸಲ ನೋಡಬಹುದಾ?"

ನಾರಾಯಣಪ್ಪ ಊಟಕ್ಕೆ ಮನೆಗೆ ಬಂದಿದ್ದ. ಇಬ್ಬರೂ ನಡುಮನೆಯಲ್ಲಿ ಎದುರುಬದುರು ನಿಂತರು, ಕೂರಿ ಎಂದು ಇವನು ಅನ್ನಲಿಲ್ಲ, ಅವರು ಕೂರಲಿಲ್ಲ. ವೆಂಕಟಲಕ್ಷ್ಮಮ್ಮ ಅಡುಗೆಮನೆಯಿಂದಲೇ, "ಆ ಮಿಕ್ಸೀನ ನಾನು ಮುಟ್ಟಲ್ಲ," ಎಂದಳು. ಸುವರ್ಣಾ ಸ್ಟೂಲು ಹಾಕಿಕೊಂಡು ಅಟ್ಟದಿಂದ ಇಳಿಸಿದಳು. ಜಾರಿಗೆ ನೀರು ತುಂಬಿ ಮುಚ್ಚಳ ಹಾಕಿ ತಿರುಗಿಸಿದಳು. ಹನಿ ಬರಲಿಲ್ಲ. ಶ್ಯಾಮಸುಂದರ ಪೇಪರು ಬಿಚ್ಚಿ ತಾವು ತಂದಿದ್ದ ಜಾರನ್ನು ಕೊಟ್ಟರು. ಅದಕ್ಕೆ ಅದೇ ಮುಚ್ಚಳ ಹಾಕಿ ತಿರುಗಿಸಿದಳು. ನೀರು ಗೋಡೆಗೆ, ಅವರ ಷರ್ಟಿಗೆ, ನಾರಾಯಣಪ್ಪನ ಮುಖಕ್ಕೆ ಎರಚಿತು.

"ಅಯ್ಯ ಶಿವನ!" ಎಂದು ಸುವರ್ಣಾ ಬಾಯಿಗೆ ಸೆರಗು ಹಿಡಿದಳು.

ಶ್ಯಾಮಸುಂದರ ಎರಡು ಜಾರನ್ನೂ ಒಂದರ ಪಕ್ಕ ಒಂದು ಬೋರಲು ಹಾಕಿ ಬಹಳ ಹೊತ್ತು ನೋಡಿದರು.

"ಈ ಹಳೇದು ಎಲ್ಲಿಂದು?"

"ಡೈ ಮಾಡೋ ಮುಂಚೆ ಅಳತೆಗೆ ಅಂತ ನೀವೇ ಕೊಟ್ಟಿದ್ದು," ಎಂದ ನಾರಾಯಣಪ್ಪ, ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ.

"ನಡುವೆ ಜಾರ್ ಮಾಡಿಕೊಡೋನನ್ನ ಬದಲಾಯಿಸಿದ್ವಿ. ಹೊಸಬ ಜಾರಿನ ಬಾಯಿ ಬದಲಾಯಿಸಿಬಿಟ್ಟಿದಾನೆ." ತಮ್ಮ ಜಾರನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತಾ ಅಂದರು, "ಆ ಮಾಡೆಲ್ಲೇ ನಿಲ್ಲಿಸಿಬಿಟ್ವಿ ನಾರಾಯಣಪ್ಪ, ಹೋದ ವರ್ಷ. ಡೈ ಈಗ ನನಗೂ ಬೇಡ."

"ಮತ್ಯಾಕ್ರೀ ಕೇಸು?"

"ನೀವು ಬಿಡಲಿಲ್ಲ, ನಾನೂ ಬಿಡಲಿಲ್ಲ. ಲಾಯರ್ ಡೇಟ್ ಹೇಳ್ತಿದ್ರು, ಹೋಗಿ ಬರ್ತಿದ್ದೆ."

"ಹಾಗಾದ್ರೆ ಡೈ ಸರಿಯಾಗಿತ್ತು ಅಂತ ಬರೆದುಕೊಡಿ. ಎಲ್ಲಾ ಬಿಟ್ಟುಬಿಡ್ತೀನಿ."

"ಬರೆದುಕೊಡೋಕಾಗಲ್ಲ. ಅದನ್ನ ಇಟ್ಕೊಂಡು ನಾಳೆ ನನ್ನ ಪಾರ್ಟ್‌ನರ್‌ಗಳು ನನ್ನನ್ನೇ ಕೋರ್ಟಿಗೆ ಎಳೀತಾರೆ."

"ಬರೆಯದಿದ್ರೆ ಬೇಡ. ಹೊಸ ಮಧ್ಯಸ್ಥರು ಹೇಳ್ತಾರೆ."

ಹಿತ್ತಲಿನಿಂದ ರೊಟ್ಟಿ ಸೀದ ವಾಸನೆ ಬಂತು. ಸುವರ್ಣಾ ಓಡಿದಳು. ಅಲ್ಲಿಂದ ಅವಳು ಕೆಮ್ಮುವುದು ನಮಗೆಲ್ಲ ಕೇಳಿಸುತ್ತಿತ್ತು. ನಿಲ್ಲಲಿಲ್ಲ ಆ ಕೆಮ್ಮು. ನಾರಾಯಣಪ್ಪ ಆ ಕಡೆಗೇ ನೋಡುತ್ತಾ ನಿಂತ.

"ಊಟದ ಹೊತ್ತು," ಎಂದೆ ನಾನು. "ಇಬ್ರೂ ಕೂತ್ಕೊಳ್ಳಿ."

ಇಬ್ಬರೂ ಕೂತರು. ವೆಂಕಟಲಕ್ಷ್ಮಮ್ಮ ಬಡಿಸಿದಳು. ಆವತ್ತು ವಿಶೇಷವೇನೂ ಇರಲಿಲ್ಲ, ಸೊಪ್ಪಿನ ಸಾರು, ಅನ್ನ, ಸುವರ್ಣಾಳ ರೊಟ್ಟಿ. ಶ್ಯಾಮಸುಂದರ ಎರಡು ರೊಟ್ಟಿ ತಿಂದರು. ಕೈ ತೊಳೆದು ಬಂದು, ಆಗತಾನೇ ಬಂದು ಬಾಗಿಲಲ್ಲಿ ನಿಂತಿದ್ದ ಸಿದ್ದುವೂ ಸೇರಿ ಎಲ್ಲರ ಎದುರಿಗೂ ಗಟ್ಟಿಯಾಗಿ ಹೇಳಿದರು:

"ಡೈ ಸರಿಯಾಗಿತ್ತು. ತಪ್ಪಿದ್ದದ್ದು ಜಾರು. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸಿ, ಬಾಯಲ್ಲಿ ಹೇಳ್ತೀನಿ."

ನಾರಾಯಣಪ್ಪ ತಟ್ಟೆಯ ಮುಂದಿನಿಂದ ಏಳಲಿಲ್ಲ. ಬೆರಳಲ್ಲಿ ಒಣಗಿದ ಅನ್ನವನ್ನು ಉಜ್ಜುತ್ತಾ ಕೂತಿದ್ದ. "ವೆಂಕಟೇಶ್‌ಗೆ ಫೋನ್ ಮಾಡೋ," ಎಂದ ಕೊನೆಗೆ ಮಗನಿಗೆ.

ಕೇಸು ಬಿಡುತ್ತೇವೆಂದು ಇಬ್ಬರೂ ಸಹಿ ಹಾಕಿದ ಅರ್ಜಿ ಕೋರ್ಟಿಗೆ ಹೋಯಿತು. ಯುಗಾದಿಗೆ ಮುಂಚೆ ಡೈ ಕದಲಿಸಬಹುದೆಂದು ಆರ್ಡರ್ ಬಂತು. ಅಷ್ಟು ಬೇಗ ಬಂದದ್ದಕ್ಕೆ ವೆಂಕಟೇಶ್ ಅವರಿಗೇ ನಂಬಿಕೆಯಾಗಲಿಲ್ಲ. "ಹೊಡೆದಾಡೋರಿಗೆ ಯಾವ ಕಾನೂನು ಸಾಲುತ್ತೋ ಗೊತ್ತಿಲ್ಲಮ್ಮ," ಎಂದು ನನ್ನ ಕಡೆ ನೋಡಿ ನಕ್ಕರು.

ಆವತ್ತು ನಾರಾಯಣಪ್ಪ ಹಿ‌ತ್ತಲಿಗೆ ಹೋಗಿ ಸೊಸೆಯ ಎದುರು ನಿಂತ. "ಕೋಣೆ ಖಾಲಿ ಆಗುತ್ತಮ್ಮ. ಶಟರ್‌ಗೆ ಗ್ರೀಸ್ ಹಾಕಿಸ್ತೀನಿ. ಬೋರ್ಡ್ ಬರೆಸು."

ಸುವರ್ಣಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಅತ್ತಿಗುಪ್ಪಿಯವ್ರಿಗೆ ಮಾತ್ ಕೊಟ್ಟೇವ್ರಿ ಮಾವಾರ."

"ವಾಪಸ್ ತಗೊಂಡ್ರಾಯ್ತು."

"ಜಾಗ ಕೇಳ್ಕೋತ ಕುಂದ್ರೂದು ಸಾಕಾಗೇತ್ರಿ. ಸಿಟ್ಟಿಲ್ರಿ. ಹಬ್ಬಕ್ಕ ಹುಣ್ಣಿವಿಗೆ ಬರ್ತೇವಿ. ನಿಮಗ ದಿನಾ ರೊಟ್ಟಿ ಕಳಸ್ತೇನಿ."

ಅವನು ತಲೆಯಾಡಿಸಿ ಒಳಗೆ ಬಂದ. ಆಮೇಲೆ ಆ ಮಾತನ್ನು ಎತ್ತಲಿಲ್ಲ.

ಬುಧವಾರ ಶ್ಯಾಮಸುಂದರ ಅವರ ಟೆಂಪೋ ಬಂತು. ಡೈ ಇನ್ನು ಗುಜರಿಗೇ ಹೋಗುವುದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಾರಾಯಣಪ್ಪ ಅರಗು ಒಡೆದು, ಗೋಣಿ ತೆಗೆದು, ಹಿಡಿದಿದ್ದ ತುಕ್ಕನ್ನು ಉಜ್ಜಿ, ಬಟ್ಟೆಯಲ್ಲಿ ಎಣ್ಣೆ ಹಚ್ಚಿ ಒರೆಸಿದ. ಹೊಳೆಯುವ ಹಾಗೆ ಮಾಡಿ ಏರಿಸಿದ. ಕೋಣೆಯ ನೆಲದಲ್ಲಿ ತುಕ್ಕಿನ ಚೌಕ ಒಂದು ಉಳಿಯಿತು. ವೆಂಕಟಲಕ್ಷ್ಮಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಸಿದ್ದುವಿಗೆ ಗುರುತಿನವನ ಲಗೇಜ್ ಆಟೋ ಸಿಗುವುದು ಶುಕ್ರವಾರ ಮಾತ್ರ. ವೆಂಕಟಲಕ್ಷ್ಮಮ್ಮ ಹೊಸಿಲಿಗೆ ಅಡ್ಡ ನಿಂತಳು. "ಶುಕ್ರವಾರ ಮನೆಯಿಂದ ಸೊಸೆನ ಕಳಿಸ್ತಾರೇನೇ? ಲಕ್ಷ್ಮಿ ಹೋದ ಹಾಗೆ. ನಾಳೆ ಹೋಗಿ."

"ಮಾವಾರು ಡೈ ಬಿಟ್ಟಾರ," ಎಂದಳು ಸುವರ್ಣಾ. "ನೀವು ಶುಕ್ರವಾರ ಬಿಡ್ರಿ ಅತ್ತಿ."

ನಾರಾಯಣಪ್ಪ ನಕ್ಕ. ಎಷ್ಟು ದಿನದ ಮೇಲೋ ಅವನು ನಕ್ಕದ್ದು ನೋಡಿದೆ. ವೆಂಕಟಲಕ್ಷ್ಮಮ್ಮ ಮೂಗು ಒರೆಸಿಕೊಂಡು, ಕುಂಕುಮ ಇಟ್ಟು, ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ, ಮಿಕ್ಸಿಯನ್ನೂ ಮೂಟೆ ಮುಚ್ಚಳಗಳನ್ನೂ ಆಟೋಕ್ಕೆ ಏರಿಸಿದಳು. ರೊಟ್ಟಿಯ ಮಣ್ಣಿನ ಹಂಚು ಮಾತ್ರ ಆಟೋದಲ್ಲಿ ಬೇಡ, ಸೀಳು ಬೀಳುತ್ತೆ ಎಂದು ನಾರಾಯಣಪ್ಪ ಅದನ್ನು ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು, ಅವರಿಗಿಂತ ಮುಂಚೆಯೇ ಹೊರಟ.

ನಾನು ಸಂಪಿನ ಹತ್ತಿರ ಪೈಪು ಹಿಡಿದು ನಿಂತಿದ್ದೆ. ಡೈ ಹೋದದ್ದು ಬುಧವಾರ. ಸಿದ್ದು, ಸುವರ್ಣಾ ಹೋದದ್ದು ಯುಗಾದಿ ಕಳೆದ ಶುಕ್ರವಾರ, ಬೆಳಗ್ಗೆ, ನಲ್ಲಿಗೆ ನೀರು ಇನ್ನೂ ಬಂದಿರಲಿಲ್ಲ.